ಮೊಲ ತನ್ನ ಹಿಕ್ಕೆ ತಾನೇ ತಿನ್ನುತ್ತೆ, ತಿನ್ಲಿ ಬಿಡಿ

ಹೊಸದಾಗಿ ಮೊಲ ತಂದವ್ರು ಗಾಬರಿ ಬೀಳೋದು ಒಂದೇ ವಿಷಯಕ್ಕೆ, ಅದು ಬಗ್ಗಿ ತನ್ನ ಹಿಕ್ಕೆನೇ ತಿಂತಿರುತ್ತೆ, ಪಾಪ ಹಸಿವೇನೋ ಅಂತ ಇವ್ರು ಎರಡು ಬಿಸ್ಕೆಟ್ ಹಾಕ್ತಾರೆ. ಬಿಸ್ಕೆಟ್ ಬೇಡ, ಅದನ್ನ ತಡೆಯೋದೂ ಬೇಡ.

ಮೊಲ ಎರಡು ತರ ಹಿಕ್ಕೆ ಹಾಕುತ್ತೆ. ಗೂಡಲ್ಲಿ ಬಿದ್ದಿರೋ ಒಣ ಉಂಡೆಗಳೆಲ್ಲ ಜೀರ್ಣ ಆಗದ ನಾರು. ಇನ್ನೊಂದು ಮೆತ್ತಗೆ ಅಂಟಂಟಾಗಿ ದ್ರಾಕ್ಷಿ ಗೊಂಚಲಿನ ತರ ಇರುತ್ತೆ, ಸಾಮಾನ್ಯವಾಗಿ ನೆಲಕ್ಕೆ ಬೀಳೋ ಮುಂಚೆನೇ ಬಾಯಿಗೆ ಹೋಗಿರುತ್ತೆ. ದನಕ್ಕೆ ಮೇವು ಕೊಳೆಸೋ ಜಾಗ ಹೊಟ್ಟೇಲೇ ಇದೆ, ಮೊಲಕ್ಕೆ ಅದು ಇರೋದು ಸಣ್ಣ ಕರುಳು ಮುಗಿದ ಮೇಲೆ, ಸೀಕಮ್ ಅನ್ನೋ ದೊಡ್ಡ ಚೀಲದಲ್ಲಿ. ಅಲ್ಲಿ ಬ್ಯಾಕ್ಟೀರಿಯಾ ಪ್ರೋಟೀನು, ಬಿ ವಿಟಮಿನ್ನು ಎಲ್ಲಾ ತಯಾರು ಮಾಡುತ್ತೆ, ಆದ್ರೆ ಅದನ್ನ ಚೆನ್ನಾಗಿ ಹೀರ್ಕೊಳ್ಳೋ ಸಣ್ಣ ಕರುಳು ಆಗ್ಲೇ ದಾಟಿಹೋಗಿದೆ, ಹಾಗಾಗಿ ಮತ್ತೆ ಬಾಯಿಂದಾನೇ ಇನ್ನೊಂದು ರೌಂಡ್ ಬರ್ಬೇಕು.

ಇದೆಲ್ಲಾ ಓಡೋದು ಉದ್ದ ನಾರಿಂದ. ನಾರು ಕಮ್ಮಿ ಆದ್ರೆ ಕರುಳು ನಿಧಾನ ಆಗುತ್ತೆ, ಸಕ್ಕರೆ, ಪಿಷ್ಟ ಜಾಸ್ತಿ ಆದ್ರೆ ಸೀಕಮ್ಮಲ್ಲಿ ಬೇರೆ ಬ್ಯಾಕ್ಟೀರಿಯಾ ಬೆಳೆದು ಗ್ಯಾಸ್ ತುಂಬುತ್ತೆ. ಅದಕ್ಕೇ ಊಟದಲ್ಲಿ 80 ಪರ್ಸೆಂಟಾದ್ರೂ ಹುಲ್ಲೇ ಇರ್ಬೇಕು, ಹಗಲೂ ರಾತ್ರಿ ಮುಂದೆನೇ ಇರ್ಬೇಕು. ಹಲ್ಲಿಗೂ ಅದೇ ಬೇಕು, ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತೆ, ದವಡೆ ಹಲ್ಲೂ ನಿಲ್ಲಲ್ಲ, ಪೆಲೆಟ್ (ಅಂಗಡೀಲಿ ಸಿಗೋ, ಒತ್ತಿ ಮಾಡಿದ ತಿಂಡಿ ಉಂಡೆ) ಕಟುಂ ಅಂತ ಮುರಿದು ನುಂಗಿದ್ರೆ ಅದು ಸವೆಯಲ್ಲ.

ಟಿಮೊಥಿ ಹುಲ್ಲಿನ ಪ್ಯಾಕೆಟ್ಟೇ ತರ್ಬೇಕು ಅಂತೇನಿಲ್ಲ, ಗರಿಕೆ, ನೇಪಿಯರ್ ಒಣಗಿಸಿ ಹಾಕ್ಬಹುದು, ಬೂಸ್ಟು ಹಿಡಿದಿರಬಾರ್ದು ಅಷ್ಟೇ. ರಸ್ತೆ ಪಕ್ಕದ್ದು ಮಾತ್ರ ಕೀಳ್ಬೇಡಿ, ನಾಯಿ ಉಚ್ಚೆ, ಗಾಡಿ ಹೊಗೆ, ಕಳೆನಾಶಕ ಎಲ್ಲಾ ಇರುತ್ತೆ. ಕುದುರೆ ಮೆಂತೆ, ಅಂದ್ರೆ ಅಲ್ಫಾಲ್ಫಾ ಮೇವು, ಮರಿಗಳಿಗೆ ಒಳ್ಳೇದು, ದೊಡ್ಡವಕ್ಕೆ ದಿನಾ ಬೇಡ. ಯಾಕಂದ್ರೆ ಅದ್ರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮೊಲದ ಮೈ ತಿಂದ ಕ್ಯಾಲ್ಸಿಯಂನ ಹೆಚ್ಚುಕಮ್ಮಿ ಎಲ್ಲಾ ಹೀರ್ಕೊಂಡು ಮಿಕ್ಕಿದ್ದನ್ನ ಉಚ್ಚೇಲಿ ಹಾಕುತ್ತೆ, ಅದು ಅತಿಯಾದ್ರೆ ಮೂತ್ರಕೋಶದಲ್ಲಿ ಸುಣ್ಣದ ತರ ಕೂರುತ್ತೆ.

ಸೊಪ್ಪಲ್ಲಿ ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು ದಿನಾ ಬದಲಾಯಿಸಿ ಕೊಡಿ. ಕ್ಯಾರೆಟ್ಟಿಗಿಂತ ಕ್ಯಾರೆಟ್ ಸೊಪ್ಪೇ ವಾಸಿ, ಗೆಡ್ಡೆ ಏನಿದ್ರೂ ಹಣ್ಣಿನ ಲೆಕ್ಕ, ಒಂದು ಚೂರು ಅಪರೂಪಕ್ಕೆ. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು ಹತ್ರಾನೂ ತರ್ಬೇಡಿ. ಪೆಲೆಟ್ ಕೊಡೋದಾದ್ರೆ ಕೆಜಿ ತೂಕಕ್ಕೆ ದಿನಕ್ಕೆ 25 ಗ್ರಾಂ ದಾಟಬಾರ್ದು, ಬಣ್ಣಬಣ್ಣದ ಕಾಳು ಮಿಕ್ಸಂತೂ ನನ್ ಪ್ರಕಾರ ದುಡ್ಡು ದಂಡ, ರುಚಿ ಇರೋದನ್ನ ಆರಿಸ್ಕೊಂಡು ತಿಂದು ನಾರಿನ ತುಂಡು ಬಿಡುತ್ತೆ. ನೀರು ಬಾಟ್ಲಿಗಿಂತ ಭಾರದ ಬಟ್ಟಲಲ್ಲಿ ಇಟ್ರೆ ಜಾಸ್ತಿ ಕುಡಿಯುತ್ತೆ.

ಯಾವ್ದೇ ಹೊಸ ತಿಂಡಿ ಸ್ವಲ್ಪಸ್ವಲ್ಪವೇ ಶುರು ಮಾಡಿ. ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ, ಹೊಟ್ಟೇಲಿ ಸಿಕ್ಕಿದ್ದು ಮುಂದಕ್ಕೇ ಹೋಗ್ಬೇಕು. ಹನ್ನೆರಡು ಗಂಟೆ ಏನೂ ತಿಂದಿಲ್ಲ, ಹಿಕ್ಕೆನೂ ಇಲ್ಲ ಅಂದ್ರೆ ಬೆಳಗಾಗ್ಲಿ ನೋಡೋಣ ಅಂತ ಕೂರ್ಬೇಡಿ, ಮೊಲ ನೋಡೋ ಡಾಕ್ಟ್ರು ಎಲ್ಲಾ ಕಡೆ ಸಿಗಲ್ಲ, ಅವ್ರ ನಂಬರ್ ಈಗ್ಲೇ ಹುಡುಕಿಟ್ಕೊಳ್ಳಿ.