ಮಹಾಪಧಮನಿಗೆ ಸೋಂಕು ತಗುಲಿದಾಗ

ಗೊಂದಲ ಹೆಸರಿನಿಂದಲೇ ಶುರು. ಹೃದಯದಿಂದ ಹೊರಟು ಹೊಟ್ಟೆಯವರೆಗೆ ಇಳಿಯುವ ಮಹಾಪಧಮನಿಯ ಗೋಡೆಗೆ ಬ್ಯಾಕ್ಟೀರಿಯಾ ಹತ್ತಿ, ಅದು ಗುಳ್ಳೆಯಂತೆ ಉಬ್ಬಿದರೆ ವೈದ್ಯರು ಇವತ್ತಿಗೂ ‘ಮೈಕಾಟಿಕ್ ಅನ್ಯೂರಿಸಂ’ ಅನ್ನುತ್ತಾರೆ. ಅನ್ಯೂರಿಸಂ ಅಂದರೆ ರಕ್ತನಾಳದ ಉಬ್ಬು, ಮೈಕಾಟಿಕ್ ಅಂದರೆ ಶಿಲೀಂಧ್ರದ್ದು ಅಂತ. 1885ರಲ್ಲಿ ವೈದ್ಯ ವಿಲಿಯಂ ಆಸ್ಲರ್ ಈ ಹೆಸರಿಟ್ಟರು. ಒಳಗಿನ ಬೆಳವಣಿಗೆ ಅವರಿಗೆ ಅಣಬೆಯಂತೆ ಕಂಡಿತ್ತು. ಹೆಸರು ಉಳಿದುಬಿಟ್ಟಿತು.

ಆಗ ಸೋಂಕು ಹೆಚ್ಚಾಗಿ ಹೃದಯದ ಕವಾಟದಿಂದ ಹರಡುತ್ತಿತ್ತು. ಪೆನಿಸಿಲಿನ್ ಬಂದ ಮೇಲೆ ಅದು ತಗ್ಗಿತು, ಸ್ಟ್ಯಾಫಿಲೋಕಾಕಸ್, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ಮುಂದೆ ಬಂದವು. ಗಟ್ಟಿಮುಟ್ಟಾದ ಗೋಡೆಗೆ ಇವು ಸುಲಭಕ್ಕೆ ಅಂಟುವುದಿಲ್ಲ. ಕೊಬ್ಬು ಕಟ್ಟಿ ಒರಟಾದ ಜಾಗ ಸಿಕ್ಕರೆ ಸಾಕು.

ನಿಜವಾದ ತಲೆನೋವು ಆಪರೇಷನ್‌ನದು. ಸೋಂಕು ಹಿಡಿದ ಗೋಡೆ ಯಾವಾಗ ಬೇಕಾದರೂ ಒಡೆಯಬಹುದು. ಹಳೆಯ ದಾರಿ ಹೀಗಿತ್ತು: ಕೆಟ್ಟ ಭಾಗ ಕತ್ತರಿಸಿ ತೆಗೆಯುವುದು, ತುದಿ ಹೊಲಿದು ಮುಚ್ಚುವುದು, ಕಂಕುಳ ಬಳಿಯ ರಕ್ತನಾಳದಿಂದ ಚರ್ಮದಡಿ ಕೊಳವೆ ಎಳೆದು ಕಾಲುಗಳಿಗೆ ರಕ್ತ ಕೊಡುವುದು. ಕೀವಿದ್ದ ಕಡೆ ಹೊರಗಿನ ವಸ್ತು ಇಡಬಾರದು ಅನ್ನುವ ಲೆಕ್ಕ. ಆದರೆ ಹೊಲಿದ ತುದಿಯೇ ಬಿಟ್ಟುಕೊಂಡರೆ? ಆಮೇಲೆ ರಿಫಾಂಪಿಸಿನ್ ಎಂಬ ಆ್ಯಂಟಿಬಯಾಟಿಕ್‌ನಲ್ಲಿ ನೆನೆಸಿದ ಕೃತಕ ನಾಳವನ್ನೋ, ರೋಗಿಯದೇ ತೊಡೆಯ ಅಭಿಧಮನಿಯನ್ನೋ ಅದೇ ಜಾಗಕ್ಕೆ ಹೊಲಿಯತೊಡಗಿದರು. 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸರ್ಜನ್ ಹುವಾನ್ ಪರೋಡಿ, ಸೋಂಕಿಲ್ಲದ ಉಬ್ಬಿಗೆ ತೊಡೆಸಂದಿಯ ನಾಳದ ಮೂಲಕ ಸ್ಟೆಂಟ್ (ಲೋಹದ ಜಾಲರಿ) ಜೋಡಿಸಿದ ಕೊಳವೆ ತೂರಿಸಿದರು. ಮುಂದೆ ಸೋಂಕಿನದ್ದಕ್ಕೂ ಅದೇ ದಾರಿ ಹಿಡಿದರು. ಹೊಟ್ಟೆ ಕೊಯ್ಯಬೇಕಿಲ್ಲ, ವಯಸ್ಸಾದವರು ತಡೆದುಕೊಳ್ಳುತ್ತಾರೆ. ಕೀವು ಮಾತ್ರ ಒಳಗೇ ಉಳಿಯುತ್ತದೆ. ಹಾಗಾಗಿ ತಿಂಗಳುಗಟ್ಟಲೆ, ಕೆಲವರಿಗೆ ಬದುಕಿರುವವರೆಗೂ, ಆ್ಯಂಟಿಬಯಾಟಿಕ್.

ಯಾವ ಆ್ಯಂಟಿಬಯಾಟಿಕ್ ಅನ್ನುವುದು ಯಾವ ಬ್ಯಾಕ್ಟೀರಿಯಾ ಅನ್ನುವುದರ ಮೇಲೆ ನಿಂತಿದೆ, ಅಲ್ವಾ? ನಮ್ಮ ಕರಾವಳಿಯನ್ನೇ ನೋಡಿ. ಉಡುಪಿ, ಮಂಗಳೂರು ಕಡೆ ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಕಾಣಿಸುತ್ತದೆ. ಗದ್ದೆಯ ಕೆಸರಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರಿಗೆ ಜಾಸ್ತಿ. ಅಪರೂಪಕ್ಕೆ ಮಹಾಪಧಮನಿಯನ್ನೂ ಹಿಡಿಯುತ್ತದೆ. ಪೆನಿಸಿಲಿನ್ ಇದಕ್ಕೆ ನಾಟುವುದಿಲ್ಲ. ಸೆಫ್ಟಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್ ವಾರಗಟ್ಟಲೆ ಬೇಕು, ಆಮೇಲೆ ಕೋ-ಟ್ರೈಮಾಕ್ಸಜೋಲ್ ಮಾತ್ರೆ ತಿಂಗಳುಗಟ್ಟಲೆ.

ಆದರೆ ಶುರುವಿನಲ್ಲಿ ಕಾಣುವುದು ಬಿಟ್ಟು ಬಿಟ್ಟು ಬರುವ ಜ್ವರ, ಬೆನ್ನು ನೋವು, ಅಷ್ಟೇ. ಟೈಫಾಯ್ಡ್ ಇರಬಹುದು ಅಂತ ಮಾತ್ರೆ, ಕಡಿಮೆಯಾಗದಿದ್ದರೆ ಇನ್ನೊಂದು ಇಂಜೆಕ್ಷನ್. ಕಡೆಗೊಮ್ಮೆ ಸಿ.ಟಿ. ಸ್ಕ್ಯಾನ್‌ನಲ್ಲಿ ಉಬ್ಬು ಕಂಡು, ರಕ್ತ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಹೋಗುವ ಹೊತ್ತಿಗೆ ಎರಡು ಮೂರು ಬಗೆಯ ಔಷಧ ಮೈಯೊಳಗೆ ಸೇರಿರುತ್ತದೆ. ಬಾಟಲಿಯಲ್ಲಿ ಏನೂ ಬೆಳೆಯದೇ ಹೋಗಬಹುದು. ಮೊದಲ ಡೋಸ್‌ಗೆ ಮುಂಚೆ ಕಲ್ಚರ್‌ನ ಎರಡು ಬಾಟಲಿಗೆ ರಕ್ತ ತೆಗೆದಿಟ್ಟಿದ್ದರೆ ಸರ್ಜನ್‌ಗೂ ಒಂದು ದಾರಿ ಕಾಣುತ್ತಿತ್ತು.