ಬಣ್ಣ ಹೊಡೆಸುವ ಮೊದಲು ಲಾಯರ್ ಹತ್ತಿರ ಬನ್ನಿ

"ರಿಪೇರಿ ಎಲ್ಲಾ ಮಾಡಿಸಿಬಿಟ್ಟೆ ಮೇಡಂ, ಈಗ ಕೇಸ್ ಹಾಕ್ಬೇಕು."

ಬೆಂಗಳೂರಿನ ನಾಗರಬಾವಿಯಿಂದ ಬಂದಿದ್ದ ನಿವೃತ್ತ ನೌಕರರ ಮೊದಲ ಮಾತಿದು. ಮೂವತ್ತು-ನಲವತ್ತರ ಸೈಟು, ಮನೆ ಕಟ್ಟಲು ಚದರದ ಲೆಕ್ಕದಲ್ಲಿ ವಿತ್ ಮೆಟೀರಿಯಲ್ (ಸಾಮಗ್ರಿಯೂ ಕಂಟ್ರಾಕ್ಟರನದೇ) ಒಪ್ಪಂದ. ಗೃಹಪ್ರವೇಶದ ನಂತರದ ಮೊದಲ ಮಳೆಗೇ ತಾರಸಿ ಸೋರಿ ದೇವರಮನೆ ಗೋಡೆ ತೇವ ಹಿಡಿದಿತ್ತು. ಕಂಟ್ರಾಕ್ಟರ್ ಬರಲಿಲ್ಲ. ಬೇಸತ್ತು ಬೇರೆ ಮೇಸ್ತ್ರಿಯನ್ನು ಕರೆಸಿ, ಪ್ಲಾಸ್ಟರ್ ಕೆತ್ತಿಸಿ, ಬಣ್ಣವನ್ನೂ ಹೊಡೆಸಿದ್ದರು. ಮನೆ ಚೆನ್ನಾಯಿತು, ಸಾಕ್ಷ್ಯ ಬಣ್ಣದಡಿ ಸೇರಿತು.

ಇಂಥ ಕೇಸುಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಬಿರುಕು ಇತ್ತು ಎಂದರೆ ಸಾಲದು, ಯಾಕೆ ಬಂತು ಅನ್ನುವುದನ್ನು ತೋರಿಸಬೇಕು. "ನೀರು ಹಾಕೋದು ಓನರ್ ಕೆಲಸ, ಅವರು ಹಾಕಲಿಲ್ಲ" ಎಂಬ ಉತ್ತರ ಎದುರಿನವರ ಬಾಯಲ್ಲಿ ಸಿದ್ಧವಿರುತ್ತದೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿನದಕ್ಕೆ 10 ದಿನ ಕ್ಯೂರಿಂಗ್, ಅಂದರೆ ನೀರುಣಿಸುವುದು, ಬೇಕು. ಅದು ಯಾರ ಹೊಣೆ ಎಂದು ಅಗ್ರಿಮೆಂಟಿನಲ್ಲಿ ಬರೆಸಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಲೇಬರ್ ಕಾಂಟ್ರಾಕ್ಟಾದರೆ ಇನ್ನೂ ಕಷ್ಟ: ಸಿಮೆಂಟು, ಎಂ-ಸ್ಯಾಂಡ್ ತಂದವರು ನೀವೇ, ತಪ್ಪೂ ನಿಮ್ಮದೇ ಅನ್ನುತ್ತಾರೆ.

ಹಾಗಾಗಿ ಗೋಡೆ ಮುಟ್ಟುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ವರದಿ ಮಾಡಿಸಿ. ಅಗತ್ಯವಿದ್ದರೆ ಕಾಂಕ್ರೀಟಿನ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್, ಕೋರ್ ಟೆಸ್ಟ್. ದೋಷದ ಕಾರಣ ಮತ್ತು ಸರಿಪಡಿಸುವ ಖರ್ಚು ಎರಡೂ ಅದರಲ್ಲಿರಲಿ. ಆಮೇಲೆ ಕಂಟ್ರಾಕ್ಟರಿಗೆ ನೋಟಿಸು: ಬಂದು ನೋಡಿ, ಇಷ್ಟು ದಿನದಲ್ಲಿ ಸರಿಮಾಡಿ. ಸಜ್ಜಾ ತಲೆ ಮೇಲೆ ಬೀಳುವಂತಿದ್ದರೆ ಕಾಯಬೇಕಿಲ್ಲ. ನಷ್ಟ ಬೆಳೆಯದಂತೆ ತಡೆಯಬೇಕೆಂದು ಕರಾರು ಕಾಯ್ದೆಯ 73ನೇ ಕಲಮೂ ಬಯಸುತ್ತದೆ. ಫೋಟೊ ತೆಗೆದು, ಬಿಲ್ಲು ಇಟ್ಟುಕೊಂಡು ರಿಪೇರಿ ಮಾಡಿಸಿ.

"ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಹೋಗೋಣ" ಎಂದು ಅರ್ಧ ಜನ ಬರುತ್ತಾರೆ. ಬಿಲ್ಡರ್‌ನಿಂದ ಫ್ಲಾಟ್ ಕೊಂಡವರಿಗೆ ಅದು ಸರಿ. ರೇರಾ ಕಾಯ್ದೆಯ 14(3)ನೇ ಕಲಮಿನಂತೆ ಸ್ವಾಧೀನ ಕೊಟ್ಟ 5 ವರ್ಷದೊಳಗೆ ದೋಷ ತಿಳಿಸಿದರೆ ಪ್ರವರ್ತಕರು (ಬಿಲ್ಡರ್) 30 ದಿನದಲ್ಲಿ ಬಿಟ್ಟಿಯಾಗಿ ಸರಿಪಡಿಸಬೇಕು. ಸ್ವಂತ ಸೈಟಿನಲ್ಲಿ ಕಟ್ಟಿಸಿಕೊಂಡವರಿಗೆ ಆ ಬಾಗಿಲಿಲ್ಲ.

ಅವರ ದಾರಿ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವುದೂ ಸೇವೆಯೇ. ನೀವು ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಶಾಂತಿನಗರದ ಜಿಲ್ಲಾ ಆಯೋಗ, ಅದಕ್ಕೂ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ. ಲೆಕ್ಕಕ್ಕೆ ಬರುವುದು ಕೊಟ್ಟ ಹಣ, ಕೇಳುವ ಪರಿಹಾರವಲ್ಲ. ಅಗ್ರಿಮೆಂಟಿನಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರಿಂದ ತೀರ್ಮಾನ) ಷರತ್ತಿದೆ ಎಂದು ಹೆದರಬೇಡಿ, ಅದು ಗ್ರಾಹಕ ದೂರಿಗೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಕೆಳಗೆ ನಾವು, ಮೇಲೆ ಮೂರು ಬಾಡಿಗೆ ಮನೆ ಎನ್ನುವ ನಮ್ಮೂರಿನ ಕಟ್ಟಡಗಳಿಗೆ ಮಾತ್ರ "ಇದು ವ್ಯಾಪಾರಕ್ಕೆ ಕಟ್ಟಿಸಿದ್ದು, ನೀವು ಗ್ರಾಹಕರೇ ಅಲ್ಲ" ಎಂಬ ತಕರಾರು ಬರಬಹುದು, ಉತ್ತರ ಸಿದ್ಧವಿರಲಿ.

ಆಯೋಗಕ್ಕೆ ದೂರು ಕೊಡಲು ಗಡುವು 2 ವರ್ಷ. ಕಂಟ್ರಾಕ್ಟರುಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರೇನೋ! ಆಷಾಢ ಕಳೀಲಿ, ದೀಪಾವಳಿ ಆಗಲಿ, ಹುಡುಗರು ಊರಿಂದ ಬರಲಿ ಎನ್ನುತ್ತಲೇ ಕಾಲ ಸರಿಯುತ್ತದೆ. ಮಾತುಕತೆ ನಡೆಯುತ್ತಿತ್ತು ಎಂದ ಮಾತ್ರಕ್ಕೆ ಗಡುವು ಮುಂದೆ ಹೋಗುವುದಿಲ್ಲ. ಸಿವಿಲ್ ಕೋರ್ಟಿಗೆ 3 ವರ್ಷವಿದೆ, ಶುಲ್ಕ ಜಾಸ್ತಿ, ಹಾದಿ ಉದ್ದ. ಪೊಲೀಸ್ ಠಾಣೆಯಲ್ಲಿ "ಸಿವಿಲ್ ಮ್ಯಾಟರ್" ಎಂದು ಕಳಿಸಿದರೆ ಬಹುತೇಕ ಅದು ಸರಿಯೇ. ಮೊದಲಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸದೆ ವಂಚನೆಯ ಕೇಸು ನಿಲ್ಲದು.

ನಾಗರಬಾವಿಯವರ ಕೈಯಲ್ಲಿ ಎರಡು ಮಸುಕು ಫೋಟೊಗಳಷ್ಟೇ ಇದ್ದವು. ಪ್ಲಾಸ್ಟರ್ ಕೆತ್ತಿದ ಮೇಸ್ತ್ರಿಯಿಂದ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿದೆವು. ಕೊನೆಗೆ ಅವರ ಮಗಳ ವಾಟ್ಸ್ಆ್ಯಪಿನಲ್ಲಿ ಕಂಟ್ರಾಕ್ಟರನ ಹಳೆಯ ವಾಯ್ಸ್ ಮೆಸೇಜ್ ಒಂದು ಸಿಕ್ಕಿತು: "ಸೋರ್ತಿರೋದು ಗೊತ್ತಮ್ಮ, ಮೋಲ್ಡ್ ಹಾಕಿದ ದಿನವೇ ಮಳೆ ಬಂತಲ್ಲ, ಮುಂದಿನ ವಾರ ಹುಡುಗರನ್ನ ಕಳಿಸ್ತೀನಿ." ದೂರಿನ ಜೊತೆ ಅದನ್ನೇ ಮೊದಲ ದಾಖಲೆಯಾಗಿ ಇಟ್ಟೆ.