ಪದ ಪರಿಚಯ: ಎಲ್ಲ ವಿಷಯಗಳಲ್ಲೂ ಬರವಣಿಗೆ

ಡಿಗ್ರಿಗೆ ಬಂದ ಹುಡುಗ ಹುಡುಗಿಯರಿಗೆ ಬರೆಯುವುದನ್ನು ಯಾರು ಕಲಿಸಬೇಕು? ಕನ್ನಡ ಸರ್ ಇದ್ದಾರೆ, ಇಂಗ್ಲಿಷ್ ಮೇಡಂ ಇದ್ದಾರೆ ಅನ್ನುತ್ತೇವೆ. 'ರೈಟಿಂಗ್ ಅಕ್ರಾಸ್ ದ ಕರಿಕ್ಯುಲಮ್', ಅಂದರೆ ಎಲ್ಲ ವಿಷಯಗಳಲ್ಲೂ ಬರವಣಿಗೆ ಕಲಿಸಬೇಕು ಅನ್ನುವ ಬೋಧನಾ ಕ್ರಮ, ಇದನ್ನು ಒಪ್ಪುವುದಿಲ್ಲ. ಕೆಮಿಸ್ಟ್ರಿಯಲ್ಲಿ ಹೇಗೆ ಬರೆಯಬೇಕು ಅನ್ನುವುದನ್ನು ಕೆಮಿಸ್ಟ್ರಿ ಕ್ಲಾಸಿನಲ್ಲೇ ಕಲಿಸಬೇಕು, ಇತಿಹಾಸದ್ದು ಇತಿಹಾಸದ ಕ್ಲಾಸಿನಲ್ಲೇ ಆಗಬೇಕು ಅನ್ನುತ್ತದೆ. 1960ರ ದಶಕದ ಕೊನೆಯಲ್ಲಿ ಶಿಕ್ಷಣ ತಜ್ಞ ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಶಾಲಾ ಮಕ್ಕಳ ಬರವಣಿಗೆಯ ಬಗ್ಗೆ ಮಾಡಿದ ಅಧ್ಯಯನ ಇದಕ್ಕೆ ಬುನಾದಿಗಳಲ್ಲೊಂದು. 1970ರ ದಶಕದಲ್ಲಿ ಅಮೆರಿಕದ ಕಾಲೇಜುಗಳು ಇದನ್ನು ಬೆಳೆಸಿದವು.

ಬೀದರಿನಲ್ಲಿ ಪಶುವೈದ್ಯಕೀಯ ಓದುವ ವಿದ್ಯಾರ್ಥಿನಿ ಬರೆಯುವ ಕೇಸ್ ಶೀಟನ್ನೇ, ಅಂದರೆ ರೋಗದ ವಿವರ ಬರೆದಿಡುವ ಹಾಳೆಯನ್ನೇ ನೋಡೋಣ. ರೈತರೊಬ್ಬರು ದೇವಣಿ ಹಸು ಹಿಡಿದುಕೊಂಡು ಬಂದಿದ್ದಾರೆ. 'ಎರಡು ದಿನದಿಂದ ಮೇವು ಮುಟ್ಟವಲ್ದ್ರಿ' ಅನ್ನುತ್ತಾರೆ. ಥರ್ಮಾಮೀಟರ್ ಇಟ್ಟು ನೋಡಿದರೆ 104 ಡಿಗ್ರಿ ಫ್ಯಾರನ್‌ಹೀಟ್. ಸಾಮಾನ್ಯವಾಗಿ 101.5ರ ಆಸುಪಾಸು ಇರಬೇಕು. ಅವಳು 'ಜ್ವರ ಬಂದು ಹಸು ಎರಡು ದಿನದಿಂದ ಮೇವು ಬಿಟ್ಟಿದೆ' ಎಂದು ಬರೆಯುತ್ತಾಳೆ. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಕೇಸ್ ಶೀಟ್ ಕೆಟ್ಟಿತು. ಎರಡು ದಿನ ಅನ್ನುವುದು ರೈತರ ಮಾತು. 104 ಅನ್ನುವುದು ಅವಳು ಅಳೆದದ್ದು. ಜ್ವರದಿಂದಲೇ ಮೇವು ಬಿಟ್ಟಿದೆ ಅನ್ನುವುದು ಬರೀ ಊಹೆ. ಮೂರೂ ಕಲಸಿಹೋದವು. ನಾಳೆ ಇನ್ನೊಬ್ಬ ಡಾಕ್ಟರ್ ಈ ಹಾಳೆ ನೋಡಿದರೆ ಯಾವುದನ್ನು ನಂಬಬೇಕು, ಯಾವುದನ್ನು ಮತ್ತೆ ಪರೀಕ್ಷೆ ಮಾಡಬೇಕು? ಇದನ್ನು ಭಾಷೆಯ ಮೇಷ್ಟ್ರು ತಿದ್ದಲಾರರು. ಹಸು ನೋಡಿ ಗೊತ್ತಿದ್ದವರೇ ತಿದ್ದಬೇಕು.

ಅದೇ ಬಿ.ಎ. ವಿದ್ಯಾರ್ಥಿಯೊಬ್ಬ ವಚನದ ಮೇಲೆ ಬರೆಯುವಾಗ ತನಗೆ ಕಂಡ ಅರ್ಥವನ್ನೇ ಮೊದಲು ಇಡಬಹುದು. ಆಮೇಲೆ ಯಾವ ಸಾಲಿನಿಂದ ಆ ಅರ್ಥ ಬಂತು ಅಂತ ತೋರಿಸಿದರಾಯಿತು. ಒಂದು ಕಡೆ ಸರಿಯಾದದ್ದು ಇನ್ನೊಂದು ಕಡೆ ತಪ್ಪಾಗಬಹುದು, ಅಲ್ವಾ?

ಇದರಲ್ಲಿ ಎರಡು ಬಗೆ ಇದೆ. ಈಗ ಹೇಳಿದ್ದು ಒಂದು, ಆಯಾ ವಿಷಯದವರು ಒಪ್ಪುವ ಹಾಗೆ ಬರೆಯುವುದು. ಇನ್ನೊಂದು, ಕಲಿಯುವುದಕ್ಕಾಗಿಯೇ ಬರೆಯುವುದು. ಕ್ಲಾಸು ಮುಗಿಯುವ ಮುಂಚೆ ಐದು ನಿಮಿಷ: ಇವತ್ತು ಏನು ತಿಳಿಯಿತು, ಎಲ್ಲಿ ತಿಳಿಯಲಿಲ್ಲ. ಮಾರ್ಕ್ಸ್ ಇಲ್ಲ, ಕೆಂಪು ಪೆನ್ನು ಇಲ್ಲ. ಎಂಬತ್ತು ಜನರ ಕ್ಲಾಸಿನಲ್ಲಿ ಯಾರು ತಿದ್ದುತ್ತಾರೆ ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ. ಎಲ್ಲವನ್ನೂ ತಿದ್ದಬೇಕಾಗಿಲ್ಲ. ಹತ್ತು ಹಾಳೆ ಓದಿದರೂ ಪಾಠ ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತದೆ. ಯಾದಗಿರಿಯ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದನ್ನು ಕನ್ನಡದಲ್ಲೇ ಬರೆಯಲು ಬಿಡಬೇಕು. ಇಂಗ್ಲಿಷ್ ಬಾರದ್ದಕ್ಕೂ ವಿಷಯ ತಿಳಿಯದ್ದಕ್ಕೂ ಒಂದೇ ಮಾರ್ಕ್ಸ್ ಕಡಿತ ಮಾಡುವುದು ಅನ್ಯಾಯ. ಈಗ ಎಷ್ಟೋ ಕಡೆ ಸೀನಿಯರ್‌ಗಳ ಲ್ಯಾಬ್ ರೆಕಾರ್ಡ್ ನೋಡಿ ಪುಟಗಟ್ಟಲೆ ಇಳಿಸುತ್ತಾರೆ, ಸಹಿ ಬೀಳುತ್ತದೆ. ಕೈಗೆ ಕೆಲಸ ಜಾಸ್ತಿ, ತಲೆಗೆ ಏನೂ ಇಲ್ಲ.

ಬರೆಯಬೇಕಾದರೆ ಹುಡುಕಿ ಓದಲೂ ಬರಬೇಕು, ಹಾಗಾಗಿ ಗ್ರಂಥಾಲಯ ಇದರ ಇನ್ನೊಂದು ಅರ್ಧ. ಹೊಸಬರನ್ನು ಗ್ರಂಥಾಲಯಕ್ಕೆ ಪಳಗಿಸುವುದನ್ನು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ರೆಫರೆನ್ಸ್ ಸೇವೆಯ, ಅಂದರೆ ಓದುಗರಿಗೆ ಬೇಕಾದ್ದನ್ನು ಹುಡುಕಲು ನೆರವಾಗುವ ಸೇವೆಯ, ಕೆಲಸವೆಂದೇ ಎಣಿಸಿದ್ದರು. ನಮ್ಮಲ್ಲಿ 'ಲೈಬ್ರರಿ ಓರಿಯೆಂಟೇಶನ್' ಎಂದರೆ ಸಾಮಾನ್ಯವಾಗಿ ಮೊದಲ ವಾರದಲ್ಲೇ ಸುಮ್ನೆ ಒಂದು ಸುತ್ತು. ಇದು ರೀಡಿಂಗ್ ರೂಮು, ಇಲ್ಲಿ ಬ್ಯಾಗ್ ಇಡಿ, ತಡವಾದರೆ ದಂಡ. ಆಗ ಅವರ ಕೈಯಲ್ಲಿ ಹುಡುಕಬೇಕಾದ ಪ್ರಶ್ನೆಯೇ ಇರುವುದಿಲ್ಲ.

ಪ್ರಶ್ನೆ ಇದ್ದರೆ ಕಪಾಟುಗಳು ಬೇರೆಯೇ ಕಾಣುತ್ತವೆ. ಕಲಬುರಗಿಯ ತೊಗರಿಯನ್ನೇ ತೆಗೆದುಕೊಳ್ಳಿ. 2019ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಎಂಬ ಮಾನ್ಯತೆ) ಸಿಕ್ಕ ಬೆಳೆ. ಪುಸ್ತಕಗಳಿಗೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಹೊಲದ ಬೆಳೆಗಳ ಪುಸ್ತಕ 633ರಲ್ಲಿ, ಸಸ್ಯರೋಗ 632ರಲ್ಲಿ, ಕೃಷಿಯ ಅರ್ಥಶಾಸ್ತ್ರ 338ರಲ್ಲಿ, ಅಡುಗೆ 641ರಲ್ಲಿ. ನೆಟೆ ರೋಗದ ಬಗ್ಗೆ ಬರೆಯುವವಳು, ಮಾರುಕಟ್ಟೆ ದರದ ಬಗ್ಗೆ ಬರೆಯುವವನು ಬೇರೆ ಬೇರೆ ಸಾಲಿಗೆ ಹೋಗಬೇಕು. ಒಬ್ಬಳಿಗೆ ಪ್ರಯೋಗದ ವರದಿ ಸಾಕ್ಷಿ. ಇನ್ನೊಬ್ಬನಿಗೆ ಎಪಿಎಂಸಿ ದರಪಟ್ಟಿ ಸಾಕ್ಷಿ. ಪುಸ್ತಕ ಹುಡುಕುವುದನ್ನು ಕಲಿಸಿದವರು ಆ ವಿಷಯದಲ್ಲಿ ಯಾವುದು ಸಾಕ್ಷಿ ಅನ್ನುವುದನ್ನೂ ಕಲಿಸಿದಂತಾಯಿತು.

ಎಲ್ಲಿಂದ ತಂದೆ ಅಂತ ಬರೆಯುವ ಅಭ್ಯಾಸವೂ ಇಲ್ಲೇ ಬೀಳಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರಹದ ಜೊತೆ ಶೇ. 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಕ್ರಮ ಜರುಗುತ್ತದೆ. ಎಷ್ಟೋ ಮಂದಿಗೆ ಇದು ಗೊತ್ತಾಗುವುದು ಪಿಎಚ್.ಡಿ. ಸಲ್ಲಿಸುವ ಹೊತ್ತಿಗೆ. ತಡವಾಯಿತು ಅಲ್ವಾ?

ನನ್ನ ಮಟ್ಟಿಗೆ ಓರಿಯೆಂಟೇಶನ್ ಮೊದಲ ಅಸೈನ್‌ಮೆಂಟ್ ಕೊಟ್ಟ ವಾರ ಆಗಬೇಕು. ವಿಷಯದ ಮೇಷ್ಟ್ರೂ ಲೈಬ್ರರಿಯನ್ನರೂ ಜೊತೆಗಿರಬೇಕು. ವಿದ್ಯಾರ್ಥಿಗಳು ತಮ್ಮ ಪ್ರಶ್ನೆ ಬರೆದ ಹಾಳೆ ತಂದಿರಬೇಕು. ಹೋಗುವಾಗ ಅದೇ ಹಾಳೆಯಲ್ಲಿ ಎರಡು ಪುಸ್ತಕದ ಹೆಸರು, ಪುಟಸಂಖ್ಯೆ, ಪ್ರತಿಯೊಂದರಿಂದ ಏನು ಸಿಕ್ಕಿತು ಅಂತ ಒಂದೊಂದು ಸಾಲು ಬರೆದುಕೊಂಡು ಹೋಗಬೇಕು. ಇದಕ್ಕೆ ಬೇರೆ ಅನುದಾನ ಬೇಕಿಲ್ಲ, ಟೈಮ್ ಟೇಬಲ್‌ನಲ್ಲಿ ಒಂದು ಪೀರಿಯಡ್ ಸಾಕು.